ಸಿಹಿನೀರಿನ ಮೀನುಮರಿ ಕಡಲಿಗೆ ಇಳಿಯುವ ಬಗೆ

(ಬ್ಲಾಕಿನ ರೈತ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಅಡಿಕೆಯ ಕೊಳೆರೋಗ ಇಂಥವುಗಳ ಬಗ್ಗೆ ಮಾತನಾಡಬೇಕಾದ ಗ್ರಾಮಸೇವಕನು ಈ ದಿನ ಮೀನಿನ ಕಥೆ ಹೇಳಲು ನಿಂತಿದ್ದಾನೆ, ಇದೇನು ಎಂದು ತಮಗೆ ಅನಿಸೀತು. ನಾನು ಓದಿದ್ದು ಕೃಷಿ ಡಿಪ್ಲೊಮಾ, ಬಲೆ ಬೀಸಿದವನಲ್ಲ. ಆದರೆ ನಮ್ಮ ಬ್ಲಾಕಿನಲ್ಲಿ ಘಟ್ಟದ ಬುಡದ ಅಡಿಕೆ ತೋಟಗಳೂ ಇವೆ, ಅಳಿವೆಯ ಬದಿಯ ಗಜನಿ ಗದ್ದೆಗಳೂ ಇವೆ. ಮೇಲಿನ ತೋಟ ತೊಳೆದ ನೀರೇ ಹಳ್ಳಕ್ಕೆ, ಹೊಳೆಗೆ, ಕಡೆಗೆ ಗಜನಿಗೆ ಬರುತ್ತದೆ. ನಡುವೆ ಆ ನೀರಿನಲ್ಲಿ ಬದುಕುವ ಜೀವಗಳ ಪಾಡೇನು ಎಂಬುದನ್ನು ಎರಡೂ ಕಡೆಯ ರೈತರು ತಿಳಿದಿರುವುದು ಒಳ್ಳೆಯದು. ಕೊಳೆರೋಗದ ಮಾತಿಗೂ ಬರುತ್ತೇನೆ. ಆದರೆ ಮೀನಿನ ದಾರಿ ಹಿಡಿದು ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಮೊದಲು ಅಡಿಗೆಮನೆಗೆ ಹೋಗೋಣ. ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ಏನಾಗುತ್ತದೆ? ನಾಲ್ಕು ದಿನದಲ್ಲಿ ಮಿಡಿ ಚಿರುಟುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ನಾವು ಹಾಕಿದ್ದಲ್ಲ. ಮಿಡಿಯೊಳಗಿನ ನೀರನ್ನೇ ಉಪ್ಪು ಹೊರಗೆ ಎಳೆದದ್ದು. ಇದಕ್ಕೆ ಎದುರಾಗಿ, ಒಣಕಡಲೆಯನ್ನು ಸಿಹಿನೀರಿನಲ್ಲಿ ನೆನೆಹಾಕಿದರೆ ಕಡಲೆ ಉಬ್ಬುತ್ತದೆ. ಸಾರ ಕಡಿಮೆ ಇರುವ ಕಡೆಯಿಂದ ಸಾರ ಹೆಚ್ಚು ಇರುವ ಕಡೆಗೆ ನೀರು ಸಾಗುವುದು ಸೃಷ್ಟಿಯ ನಿಯಮ. ರಾಸಾಯನಿಕ ಗೊಬ್ಬರವನ್ನು ಅತಿಯಾಗಿ ಬುಡಕ್ಕೆ ಸುರಿದಾಗ ಗಿಡ ಸುಟ್ಟಂತೆ ಆಗುವುದೂ ಇದರಿಂದಲೇ. ಬೇರಿನ ನೀರು ಹೊರಗೆ ಹೋಗಿಬಿಡುತ್ತದೆ.

ಈಗ ಮೀನನ್ನು ತೆಗೆದುಕೊಳ್ಳಿ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೊಳೆಯ ನೀರಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೀನಿನ ರಕ್ತವು ಇವೆರಡಕ್ಕೂ ನಡುವೆ ಇದೆ. ಕಡಲಿನ ಉಪ್ಪಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಹೊಳೆಯಲ್ಲಿರುವ ಮೀನು ನೆನೆಹಾಕಿದ ಕಡಲೆಯಂತೆ. ಕಿವಿರಿನಿಂದಲೂ ಮೈಯಿಂದಲೂ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ; ಉಪ್ಪು ಸೋರಿಹೋಗುತ್ತಿರುತ್ತದೆ. ಅದು ನೀರನ್ನು ಹೆಚ್ಚಾಗಿ ಕುಡಿಯುವುದಿಲ್ಲ, ತೆಳುವಾದ ಮೂತ್ರವನ್ನು ಬೇಕಾದಷ್ಟು ಬಿಡುತ್ತದೆ, ಹೊಳೆಯಲ್ಲಿರುವ ಚೂರುಪಾರು ಉಪ್ಪನ್ನು ಕಿವಿರಿನಿಂದ ಹೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಕಡಲಿನ ಮೀನು ಉಪ್ಪಿನ ಭರಣಿಯ ಮಿಡಿಯಂತೆ. ಅದರ ಮೈಯ ನೀರು ಹೊರಗೆ ಹೋಗುತ್ತಿರುತ್ತದೆ. ಸುತ್ತಲೂ ನೀರಿದ್ದರೂ ಅದಕ್ಕೆ ಬಾಯಾರಿಕೆ! ಅದು ಕಡಲನೀರನ್ನೇ ಕುಡಿಯಬೇಕು, ಕುಡಿದ ಮೇಲೆ ಹೆಚ್ಚಿನ ಉಪ್ಪನ್ನು ಹೊರಗೆ ಹಾಕಬೇಕು, ಮೂತ್ರವನ್ನು ಹಿಡಿತದಲ್ಲಿ ಇಡಬೇಕು. ಒಂದರ ಸಂಸಾರಕ್ಕೂ ಇನ್ನೊಂದರ ಸಂಸಾರಕ್ಕೂ ಎಲ್ಲವೂ ತಿರುವುಮುರುವು. ಆದ್ದರಿಂದಲೇ ಕೆರೆಯ ಕಾಟ್ಲಾ ಮೀನನ್ನು ಕಡಲಿಗೆ ಬಿಟ್ಟರೆ ಬಾಳುವುದಿಲ್ಲ, ಕಡಲಿನ ಬಂಗಡೆಯನ್ನು ಕೆರೆಗೆ ಬಿಟ್ಟರೂ ಬಾಳುವುದಿಲ್ಲ.

ಆದರೆ ಕೆಲವು ಮೀನುಗಳು ಎರಡು ಮನೆಯಲ್ಲಿಯೂ ಸಂಸಾರ ಮಾಡುತ್ತವೆ. ನಮ್ಮ ಕರಾವಳಿಯ ಹೊಳೆಗಳ ಹಾವುಮೀನು ಕಡಲಿನಲ್ಲಿ ಹುಟ್ಟಿ, ಮರಿಯಾಗಿ ಹೊಳೆಗೆ ಏರಿ ಬಂದು, ವರ್ಷಗಟ್ಟಲೆ ಇಲ್ಲಿ ಬೆಳೆದು, ಮೊಟ್ಟೆಯಿಡಲು ಮರಳಿ ಕಡಲಿಗೆ ಹೋಗುತ್ತದೆ. ಇದಕ್ಕೆ ಎದುರು ದಾರಿ ಹಿಡಿದದ್ದು ಶೀತದೇಶಗಳ ಸಾಲ್ಮನ್. ಅದು ಹೊಳೆಯಲ್ಲಿ ಹುಟ್ಟಿ ಕಡಲಿನಲ್ಲಿ ಬೆಳೆಯುತ್ತದೆ. ನಮ್ಮ ಮೀನುಪೇಟೆಯ ರಾವಸ್ ಮೀನಿಗೆ ಇಂಗ್ಲಿಷಿನಲ್ಲಿ ಇಂಡಿಯನ್ ಸಾಲ್ಮನ್ ಎನ್ನುವುದುಂಟು. ಅದರ ಕುಲವೇ ಬೇರೆ, ಗೊಂದಲ ಬೇಡ. ನಾನು ಹೇಳುತ್ತಿರುವುದು ನಾರ್ವೆ, ಸ್ಕಾಟ್ಲೆಂಡ್, ಕೆನಡ, ಅಮೆರಿಕಾ ದೇಶಗಳ ನಿಜವಾದ ಸಾಲ್ಮನ್ ವಿಷಯ. ಉಪ್ಪುನೀರಿಗೆ ಮರಿ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಶಾಸ್ತ್ರಜ್ಞರು ಅತ್ಯಂತ ಕೂಲಂಕಷವಾಗಿ ಪರೀಕ್ಷಿಸಿರುವ ಮೀನುಗಳಲ್ಲಿ ಇದೂ ಒಂದು.

ತಣ್ಣನೆಯ ಹೊಳೆಯ ಜಲ್ಲಿಯಲ್ಲಿ ತಾಯಿಮೀನು ಬಾಲದಿಂದ ಗುಳಿ ತೋಡಿ ಮೊಟ್ಟೆಯಿಟ್ಟು ಜಲ್ಲಿ ಮುಚ್ಚುತ್ತದೆ. ಚಳಿಗಾಲ ಕಳೆದ ಮೇಲೆ ಮರಿ ಹೊರಗೆ ಬರುತ್ತದೆ. ಕೆಲವು ಜಾತಿಗಳ ಮರಿಗಳು, ಪಿಂಕ್ ಮತ್ತು ಚಮ್ ಎಂಬುವು, ಜಲ್ಲಿಯಿಂದ ಎದ್ದ ಸ್ವಲ್ಪ ಕಾಲದಲ್ಲಿಯೇ ನೇರವಾಗಿ ಕಡಲಿಗೆ ನಡೆದುಬಿಡುತ್ತವೆ. ಆದರೆ ಅಟ್ಲಾಂಟಿಕ್ ಸಾಲ್ಮನ್, ಕೋಹೋ ಮುಂತಾದವುಗಳು ಒಂದು ವರ್ಷವೋ ಇನ್ನೂ ಹೆಚ್ಚೋ ಹೊಳೆಯಲ್ಲಿಯೇ ಇರುತ್ತವೆ. ಈ ವಯಸ್ಸಿನ ಮರಿಯನ್ನು ಪಾರ್ ಎನ್ನುತ್ತಾರೆ. ಅದರ ಪಕ್ಕೆಯಲ್ಲಿ ಮಸಿಯಲ್ಲಿ ಬೆರಳು ಅದ್ದಿ ಒತ್ತಿದಂಥ ಗುರುತುಗಳು ಸಾಲಾಗಿರುತ್ತವೆ. ಕಲ್ಲಿನ ನಡುವೆ ಕಣ್ಣಿಗೆ ಬೀಳದಿರಲು ಅದು ಅನುಕೂಲ. ಪಾರ್ ಮರಿ ಬಲು ಜಗಳಗಂಟಿ. ತನ್ನದೆಂದು ಒಂದು ಮೊಳ ಜಾಗ ಹಿಡಿದು, ಪ್ರವಾಹಕ್ಕೆ ಎದುರಾಗಿ ನಿಂತು, ಪಕ್ಕಕ್ಕೆ ಬಂದ ಮರಿಯನ್ನು ಓಡಿಸುತ್ತದೆ. ಗದ್ದೆಯ ಬದುವಿಗಾಗಿ ಜಗಳವಾಡುವವರು ಮನುಷ್ಯರಲ್ಲಿ ಮಾತ್ರ ಇಲ್ಲ ಎಂದಾಯಿತು. ಈ ಪಾರ್ ಮರಿಯನ್ನು ಹಿಡಿದು ನೇರವಾಗಿ ಕಡಲನೀರಿಗೆ ಹಾಕಿದರೆ ಅದರ ರಕ್ತದಲ್ಲಿ ಉಪ್ಪು ಏರುತ್ತಾ ಹೋಗಿ ಸಾಮಾನ್ಯವಾಗಿ ಸಾಯುತ್ತದೆ.

ವಸಂತಕಾಲ ಬಂದಾಗ, ಸಾಕಷ್ಟು ಬೆಳೆದ ಮರಿಯಲ್ಲಿ ಒಂದು ಬದಲಾವಣೆ ಪ್ರಾರಂಭವಾಗುತ್ತದೆ. ಪಕ್ಕೆಯ ಬೆರಳುಗುರುತು ಮಸಳುತ್ತದೆ, ಮೈ ಬೆಳ್ಳಿಯ ಹಾಗೆ ಹೊಳೆಯುತ್ತದೆ, ದೇಹ ನೀಳವಾಗುತ್ತದೆ. ಜಗಳ ಬಿಟ್ಟು ಗುಂಪು ಕಟ್ಟುತ್ತದೆ. ಪ್ರವಾಹಕ್ಕೆ ಎದುರು ನಿಲ್ಲುತ್ತಿದ್ದದ್ದು ಪ್ರವಾಹದ ಜೊತೆಗೆ ಇಳಿಯತೊಡಗುತ್ತದೆ. ಈಗ ಅದಕ್ಕೆ ಸ್ಮೋಲ್ಟ್ ಎಂದು ಹೆಸರು. ಆದರೆ ಮುಖ್ಯವಾದ ಕೆಲಸ ನಡೆಯುವುದು ಹೊರಗಲ್ಲ, ಕಿವಿರಿನೊಳಗೆ.

1930ರಲ್ಲಿ ಹೋಮರ್ ಸ್ಮಿತ್ ಎಂಬ ಅಮೆರಿಕದ ಶಾಸ್ತ್ರಜ್ಞರು ಕಡಲಮೀನು ಉಪ್ಪುನೀರನ್ನು ಕುಡಿಯುತ್ತದೆ, ಕುಡಿದ ಉಪ್ಪಿನ ಬಹುಪಾಲು ಮೂತ್ರದಲ್ಲಿ ಹೋಗದೆ ಬೇರೆ ದಾರಿಯಲ್ಲಿ ಹೋಗುತ್ತದೆ ಎಂದು ತೋರಿಸಿದರು. 1932ರಲ್ಲಿ ಕೀಸ್ ಮತ್ತು ವಿಲ್ಮರ್ ಎಂಬವರು ಹಾವುಮೀನಿನ ಕಿವಿರಿನಲ್ಲಿ ಉಪ್ಪು ಹೊರಹಾಕುವ ವಿಶೇಷ ಜೀವಕೋಶಗಳನ್ನು ಗುರುತಿಸಿದರು. ಈ ಕೋಶಗಳೊಳಗೆ ಪಂಪಿನಂತೆ ಕೆಲಸ ಮಾಡುವ ಒಂದು ಕಿಣ್ವ ಇದೆ. ಅದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಪ್ರಕಟಿಸಿದರು. ಅವರು ಅದನ್ನು ಕಂಡುಹಿಡಿದದ್ದು ಎಲ್ಲಿ ಎಂದರೆ ಏಡಿಯ ಕಾಲಿನ ನರದಲ್ಲಿ! ಅದಕ್ಕಾಗಿ 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಅದೇ ಪಂಪು ನಮ್ಮ ನಿಮ್ಮ ಮೈಯಲ್ಲಿಯೂ ಇದೆ.

ಸಾಲ್ಮನ್ ಮರಿಯ ಕಿವಿರಿನಲ್ಲಿ ಈ ಪಂಪಿನ ಎರಡು ಬಗೆಗಳಿವೆ. ಒಂದು ಸಿಹಿನೀರಿನಲ್ಲಿ ಉಪ್ಪು ಒಳಗೆ ತರುವ ಕೆಲಸಕ್ಕೆ ಸೇರಿದ್ದು, ಇನ್ನೊಂದು ಕಡಲಿನಲ್ಲಿ ಉಪ್ಪು ಹೊರಗೆ ಹಾಕುವ ಕೆಲಸಕ್ಕೆ ಸೇರಿದ್ದು. ಮರಿ ಸ್ಮೋಲ್ಟ್ ಆಗುವಾಗ ಮೊದಲನೆಯದು ಇಳಿಯುತ್ತಾ ಎರಡನೆಯದು ಏರುತ್ತದೆ. ಇಲ್ಲಿ ತಾವು ಗಮನಿಸಬೇಕಾದ ಸಂಗತಿ ಒಂದಿದೆ. ಕಡಲಿನ ಪಂಪು ಸಿದ್ಧವಾಗುವುದು ಮರಿ ಇನ್ನೂ ಸಿಹಿನೀರಿನಲ್ಲಿ ಇರುವಾಗಲೇ. ಉಪ್ಪನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವ ಮೊದಲೇ ಉಪ್ಪಿಗೆ ತಯಾರಿ! ಮಳೆ ಬೀಳುವ ಮೊದಲೇ ಹೊಲ ಉತ್ತು ಗೊಬ್ಬರ ಹಾಕಿ ಕುಳಿತ ರೈತನ ಹಾಗೆ. ಹಾಗೆ ತಯಾರಾದ ಮರಿಯನ್ನು ಕಡಲನೀರಿಗೆ ಬಿಟ್ಟರೆ ಮೊದಲ ಒಂದೆರಡು ದಿನ ರಕ್ತದ ಉಪ್ಪು ಸ್ವಲ್ಪ ಏರಿ, ಕೆಲವೇ ದಿನಗಳಲ್ಲಿ ತನ್ನ ಮಟ್ಟಕ್ಕೆ ಇಳಿಯುತ್ತದೆ. ಅದು ಕಡಲನೀರು ಕುಡಿಯುತ್ತದೆ, ಕರುಳಿನಲ್ಲಿ ನೀರನ್ನು ಹೀರಿಕೊಳ್ಳುತ್ತದೆ, ಸಾಮಾನ್ಯ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ಕಡಲನೀರಿನ ಕಹಿಗೆ ಕಾರಣವಾದ ಮೆಗ್ನೀಷಿಯಂ ಮುಂತಾದವುಗಳನ್ನು ಮೂತ್ರಪಿಂಡವು ಸ್ವಲ್ಪವೇ ಮೂತ್ರದಲ್ಲಿ ಸೇರಿಸಿ ಕಳುಹಿಸುತ್ತದೆ.

ವಸಂತ ಬಂತೆಂದು ಮರಿಗೆ ಹೇಳುವವರು ಯಾರು? ಹಗಲಿನ ಉದ್ದ. ಹಗಲು ದೀರ್ಘವಾಗುತ್ತಾ ಬಂದಂತೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಸೂಚನೆ ಸಿಗುತ್ತದೆ. ಬೆಳವಣಿಗೆಯ ರಸ, ಕಾರ್ಟಿಸಾಲ್ ಎಂಬ ರಸ, ಥೈರಾಯ್ಡ್ ಗ್ರಂಥಿಯ ರಸ ಏರುತ್ತವೆ. ಸಿಹಿನೀರಿಗೆ ಬೇಕಾದ ಪ್ರೊಲಾಕ್ಟಿನ್ ಇಳಿಯುತ್ತದೆ. ಅಮಾವಾಸ್ಯೆ ನೋಡಿ ಬಿತ್ತುವ ಹಿರಿಯರನ್ನು ನನ್ನಂಥ ಓದಿದ ಹುಡುಗರು ಹಾಸ್ಯ ಮಾಡುವುದುಂಟು. ಆದರೆ 1981ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಕೋಹೋ ಸಾಲ್ಮನ್ ಮರಿಗಳ ಥೈರಾಯ್ಡ್ ರಸದ ಏರಿಕೆ ಅಮಾವಾಸ್ಯೆಯ ಜೊತೆಗೆ ಹೊಂದಿಕೊಂಡಿರುವುದು ಕಂಡುಬಂದಿತು. ಇದರಿಂದ ಬಿತ್ತನೆಗೆ ಪಂಚಾಂಗವೇ ಸಾಕೆಂದು ನಾನು ಹೇಳುತ್ತಿಲ್ಲ. ಮೀನು ಆಕಾಶವನ್ನು ನೋಡುತ್ತದೆ ಎಂದಷ್ಟೇ ಹೇಳಿದೆ.

ನಾರ್ವೆಯ ಮೀನು ಸಾಕುವವರು ಈ ಜ್ಞಾನವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಮರಿಗಳನ್ನು ದಡದ ತೊಟ್ಟಿಗಳಲ್ಲಿ ಸಿಹಿನೀರಿನಲ್ಲಿ ಬೆಳೆಸಿ, ಕೆಲವು ವಾರ ವಿದ್ಯುದ್ದೀಪವನ್ನು ದಿನಕ್ಕೆ ಹನ್ನೆರಡು ಗಂಟೆ ಮಾತ್ರ ಉರಿಸಿ ಚಳಿಗಾಲದ ಭ್ರಮೆ ಹುಟ್ಟಿಸುತ್ತಾರೆ. ಆಮೇಲೆ ಹಗಲೂ ರಾತ್ರಿ ದೀಪ ಹಚ್ಚುತ್ತಾರೆ. ವಸಂತ ಬಂತೆಂದು ಮರಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಡಲಿನ ಬಲೆಮನೆಗೆ ಸಾಗಿಸುವ ಮುಂಚೆ ಕೆಲವನ್ನು ಒಂದು ದಿನ ಉಪ್ಪುನೀರಿನಲ್ಲಿ ಇಟ್ಟು ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಇದು ನಮ್ಮ ಸಸಿಮಡಿಯ ಲೆಕ್ಕವೇ. ಎಳೆಯ ಸಸಿ ಕಿತ್ತರೆ ತಡೆಯಲಾರದು. ಬಲಿತು ಗೆಣ್ಣು ಬಿಟ್ಟ ಮೇಲೆ ನಾಟಿ ಮಾಡಿದರೆ ತೆಂಡೆ ಒಡೆಯದು. ಸ್ಮೋಲ್ಟ್ ಮರಿಗೂ ಹಾಗೆಯೇ ಒಂದು ಹದ ಉಂಟು. ಸಿದ್ಧವಾದ ಮೇಲೆ ಕೆಲವು ವಾರಗಳೊಳಗೆ ಕಡಲು ಸಿಗದಿದ್ದರೆ ಕಿವಿರಿನ ಪಂಪು ಮತ್ತೆ ಇಳಿದುಹೋಗುತ್ತದೆ. ಮರಿ ಹಿಂದಿನ ಸಿಹಿನೀರಿನ ಸ್ಥಿತಿಗೆ ಮರಳುತ್ತದೆ. ನೀರು ಬಿಸಿಯಾದಷ್ಟೂ ಈ ಹದ ಬೇಗ ಕಳೆಯುತ್ತದೆ.

ಇಳಿಯುವ ಕಾಲದಲ್ಲಿ ಮರಿ ತಾನು ಹುಟ್ಟಿದ ಹೊಳೆಯ ವಾಸನೆಯನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ವರ್ಷಗಳ ನಂತರ ಮೊಟ್ಟೆಯಿಡಲು ಅದೇ ವಾಸನೆ ಹಿಡಿದು ಮರಳುತ್ತದೆ. ನೂರು ಮರಿ ಇಳಿದರೆ ಮರಳುವುದು ಬೆರಳೆಣಿಕೆಯಷ್ಟು. ಅಂದಮೇಲೆ ದಾರಿಯಲ್ಲಿ ಆಗುವ ಒಂದೊಂದು ತೊಂದರೆಯೂ ಎಷ್ಟು ಭಾರವಾದದ್ದೆಂದು ತಾವೇ ಲೆಕ್ಕ ಹಾಕಿ.

ಅಮೆರಿಕದ ಕೊಲಂಬಿಯಾ ನದಿಗೆ 1942ರಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟು ಆಯಿತು. ಅದರಿಂದ 6 ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರು ಸಿಕ್ಕಿದೆ. ರೈತನಿಗೆ ನೀರು ಬೇಡವೆಂದು ನಾನು ಹೇಳುವವನಲ್ಲ. ಆದರೆ ಆ ಕಟ್ಟೆಗೆ ಮೀನಿನ ದಾರಿ ಇಡಲಿಲ್ಲ. ಮೇಲಿನ ಹೊಳೆಗಳ ಸಾಲ್ಮನ್ ಅಲ್ಲಿಗೆ ಮುಗಿಯಿತು. 1938ರಲ್ಲಿ ಆರಂಭವಾದ ಕೆಳಗಿನ ಬಾನೆವಿಲ್ ಕಟ್ಟೆಗೆ ಮೀನಿನ ಮೆಟ್ಟಿಲು ಕಟ್ಟಿದ್ದರು. ಮೆಟ್ಟಿಲು ಏರುವ ದೊಡ್ಡ ಮೀನಿಗೆ ಅನುಕೂಲವಾಯಿತು. ಆದರೆ ಇಳಿಯುವ ಮರಿಗೆ ಒಂದರ ಮೇಲೊಂದು ನಿಂತ ನೀರಿನ ಸರೋವರಗಳು ಅಡ್ಡವಾದವು. ಪ್ರವಾಹ ತಳ್ಳುವುದಿಲ್ಲ, ದಾರಿ ಸಾಗುವುದಿಲ್ಲ, ಹದದ ದಿನಗಳು ಕಳೆಯುತ್ತವೆ. ಆಮೇಲೆ ಮರಿಗಳನ್ನು ಹಡಗಿನ ತೊಟ್ಟಿಯಲ್ಲಿ ತುಂಬಿ ಕೆಳಗಿನ ಕಟ್ಟೆಯ ಆಚೆಗೆ ಬಿಡುವ ಏರ್ಪಾಡು ಮಾಡಬೇಕಾಯಿತು. ಪಕ್ಕದ ಕ್ಲಾಮತ್ ನದಿಯಲ್ಲಿ ವಿದ್ಯುತ್ತಿಗಾಗಿ ಕಟ್ಟಿದ್ದ ನಾಲ್ಕು ಅಣೆಕಟ್ಟುಗಳನ್ನು 2023-24ರಲ್ಲಿ ಒಡೆದು ತೆಗೆದರು. ಕೆಲಸ ಮುಗಿದ ತಿಂಗಳಲ್ಲಿಯೇ, 2024ರ ಅಕ್ಟೋಬರಿನಲ್ಲಿ, ಸಾಲ್ಮನ್ ಮೇಲಿನ ಹೊಳೆಗೆ ಹೋದವು.

ಕಣ್ಣಿಗೆ ಕಾಣುವ ಕಟ್ಟೆಗಿಂತ ಕಾಣದ ಅಡ್ಡಿ ಇನ್ನೂ ಕೆಟ್ಟದ್ದು. ದಕ್ಷಿಣ ನಾರ್ವೆಯಲ್ಲಿ, ಕಲ್ಲಿದ್ದಲಿನ ಹೊಗೆಯಿಂದ ಉಂಟಾದ ಆಮ್ಲದ ಮಳೆ ಮಣ್ಣಿನ ಅಲ್ಯೂಮಿನಿಯಂ ಅಂಶವನ್ನು ಕರಗಿಸಿ ಹೊಳೆಗೆ ತಂದಿತು. ಅದು ಕಿವಿರಿಗೆ ಅಂಟಿತು. ಪಾರ್ ಮರಿ ತಡೆದುಕೊಳ್ಳುವಷ್ಟು ಅಂಶದಲ್ಲಿಯೂ ಸ್ಮೋಲ್ಟ್ ಮರಿಯ ಪಂಪು ಕೆಡುತ್ತಿತ್ತು. ಹೊಳೆಯಲ್ಲಿ ನೋಡಿದರೆ ಮರಿ ಆರೋಗ್ಯವಾಗಿದೆ. ಕಡಲು ಮುಟ್ಟಿದ ಮೇಲೆ ಸಾಯುತ್ತದೆ. ಅವರು ಏನು ಮಾಡಿದರು? 1990ರ ದಶಕದಲ್ಲಿ ಮಂಡಾಲ್, ತೊವ್ದಾಲ್ ಮುಂತಾದ ನದಿಗಳಿಗೆ ಸುಣ್ಣದ ಪುಡಿ ಹಾಕುವ ಯಂತ್ರಗಳನ್ನು ಇಟ್ಟರು. ಹುಳಿಮಣ್ಣಿಗೆ ನಾವು ಸುಣ್ಣ ಹಾಕುವಂತೆಯೇ. ಸಾಲ್ಮನ್ ಮರಳಿ ಬಂದವು.

ಕೆನಡದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ 1975ರಿಂದ 1985ರವರೆಗೆ ಕಾಡಿನ ಹುಳುವಿಗೆ ಮ್ಯಾಟಾಸಿಲ್ ಎಂಬ ಔಷಧವನ್ನು ವಿಮಾನದಿಂದ ಸಿಂಪಡಿಸಿದರು. ಸ್ಮೋಲ್ಟ್ ಇಳಿಯುವ ಕಾಲದಲ್ಲಿ ಹೊಳೆಯ ಮೇಲೆ ಔಷಧ ಬಿದ್ದ ವರ್ಷಗಳ ನಂತರ ಮರಳಿದ ಸಾಲ್ಮನ್ ಕಡಿಮೆಯಾಗಿದ್ದವೆಂದು 1999ರಲ್ಲಿ ಸಂಶೋಧಕರು ತೋರಿಸಿದರು. ಅವರು ಸಂಶಯಪಟ್ಟದ್ದು ಹುಳು ಕೊಲ್ಲುವ ವಿಷವನ್ನಲ್ಲ. ಅದನ್ನು ಕರಗಿಸಲು ಸೇರಿಸಿದ್ದ ನೊನೈಲ್‌ಫಿನಾಲ್ ಎಂಬ ವಸ್ತುವನ್ನು.

ಈಗ ನಮ್ಮ ತೋಟಕ್ಕೆ ಬರೋಣ. 1976ರಲ್ಲಿ ಅಮೆರಿಕದ ಲಾರ್ಜ್ ಮತ್ತು ಮ್ಯಾಕ್‌ಫರ್ಸನ್ ಎಂಬವರು ಕೋಹೋ ಮರಿಗಳನ್ನು ಸ್ವಲ್ಪವೇ ತಾಮ್ರ ಬೆರೆತ ಸಿಹಿನೀರಿನಲ್ಲಿ ಇಟ್ಟು ಪರೀಕ್ಷಿಸಿದರು. ಸಿಹಿನೀರಿನಲ್ಲಿ ಬದುಕಿದ್ದ ಮರಿಗಳೂ ಕಡಲನೀರಿಗೆ ಹಾಕಿದಾಗ ಸತ್ತವು. ಕಿವಿರಿನ ಪಂಪಿನ ಕೆಲಸ ತಗ್ಗಿತ್ತು. ಕೆಳಗೆ ಇಳಿಯುವ ಹುರುಪೂ ಕಡಿಮೆಯಾಗಿತ್ತು. ತಾಮ್ರವು ಮೀನಿನ ಮೂಗನ್ನೂ ಮಂಕು ಮಾಡುತ್ತದೆ ಎಂದು ಬೇರೆ ಪರೀಕ್ಷೆಗಳಿಂದ ತಿಳಿದಿದೆ. ಸುಣ್ಣದ ಅಂಶ ಕಡಿಮೆಯಿರುವ ಮೆದುನೀರಿನಲ್ಲಿ ತಾಮ್ರದ ಕಾಟ ಹೆಚ್ಚು.

ತಾಮ್ರ ಎಂದರೆ ನಮ್ಮ ಮೈಲುತುತ್ತವೇ. ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಕೊಳೆರೋಗವನ್ನು ಪರೀಕ್ಷಿಸಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದ ಮೇಲೆ ಎಷ್ಟು ಅಡಿಕೆ ಉಳಿದಿದೆ ಎಂಬುದನ್ನು ತಮಗೆ ಹೇಳಬೇಕಾದದ್ದಿಲ್ಲ. ಅದನ್ನು ಬಿಡಿ ಎಂದು ನಾನು ಹೇಳಿದರೆ ತಾವು ನನ್ನನ್ನು ತೋಟದಿಂದ ಓಡಿಸಬೇಕು. ಸಾಲ್ಮನ್ ನಮ್ಮಲ್ಲಿ ಇಲ್ಲ, ತಂದು ಬಿಟ್ಟರೂ ನಮ್ಮ ಬಿಸಿನೀರಿನಲ್ಲಿ ಬಾಳದು. ಆದರೆ ಕಿವಿರಿನ ಪಂಪು ಎಲ್ಲ ಮೀನಿಗೂ ಒಂದೇ ಕುಲದ್ದು. ಹಾವುಮೀನು ಇದೆ, ಅಳಿವೆಯ ಅರೆ ಉಪ್ಪಿನಲ್ಲಿ ಮರಿಯಾಗಿ ಹೊಳೆಗೆ ಏರುವ ದೊಡ್ಡ ಸಿಗಡಿ ಇದೆ, ಗಜನಿಯಲ್ಲಿ ಕಗ್ಗ ಭತ್ತದ ಕೊಯ್ಲಿನ ನಂತರ ಉಬ್ಬರದ ಜೊತೆಗೆ ಒಳಗೆ ಬರುವ ಮೀನು ಸಿಗಡಿಗಳು ಇವೆ. ಕೆಳಗಿನ ಊರಿನ ಎಷ್ಟೋ ಮನೆಗಳ ಊಟ ಅದರಿಂದ ನಡೆಯುತ್ತದೆ. ಮಳೆಗಾಲದಲ್ಲಿ ನಾವು ಔಷಧ ಹೊಡೆಯುತ್ತೇವೆ. ಹಳ್ಳ ತುಂಬಿ ಹರಿಯುವುದೂ ಆಗಲೇ.

ಮರದ ಮೇಲೆ ಬಿದ್ದ ದ್ರಾವಣ ಸುಣ್ಣದೊಡನೆ ಅಂಟಿ ನಿಲ್ಲುತ್ತದೆ. ನನಗೆ ಹೆಚ್ಚು ಚಿಂತೆ ಬ್ಯಾರಲಿನ ತಳದ್ದು. ಸಂಜೆ ಕೊನೆಗಾರ ಇಳಿದ ಮೇಲೆ ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು, ಪಂಪು ಪೈಪುಗಳನ್ನು ಹಳ್ಳದಲ್ಲಿಯೇ ಅದ್ದಿ ತೊಳೆಯುವುದು, ಮೈಲುತುತ್ತದ ಚೀಲವನ್ನು ಜಾಲಾಡುವುದು ಹಲವು ಕಡೆ ರೂಢಿಯಾಗಿದೆ. ನೀಲಿ ನೀರು ಒಂದು ಗಳಿಗೆಯಲ್ಲಿ ಕಣ್ಮರೆಯಾಗುತ್ತದೆ. ಮೀನು ಅಲ್ಲಿಯೇ ಸತ್ತು ತೇಲದಿದ್ದರೆ ಏನೂ ಆಗಲಿಲ್ಲವೆಂದು ನಂಬುತ್ತೇವೆ. ಕೋಹೋ ಮರಿಯೂ ಸಿಹಿನೀರಿನಲ್ಲಿ ಸತ್ತಿರಲಿಲ್ಲ.

ಆದುದರಿಂದ ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ದ್ರಾವಣ ಮಾಡಿ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ. ಉಳಿದರೆ ಬಿಟ್ಟುಹೋದ ಮರಗಳಿಗೆ ಹೊಡೆಸಿ. ಹಳ್ಳದಿಂದ ದೂರ, ಬಾವಿಯಿಂದಲೂ ದೂರ, ಎತ್ತರದ ಜಾಗದಲ್ಲಿ ಒಂದು ಗುಂಡಿ ತೋಡಿ, ಬ್ಯಾರಲು ತೊಳೆದ ನೀರನ್ನು ಅದಕ್ಕೆ ಹಾಕಿ, ಮೇಲೆ ಸ್ವಲ್ಪ ಸುಣ್ಣ ಎರಚಿ. ಮಳೆನೀರು ಒಳನುಗ್ಗದಂತೆ ಸುತ್ತ ಒಂದು ಒಡ್ಡು ಇರಲಿ.

ಇನ್ನೊಂದು, ಸುಣ್ಣದ ಜಿಪುಣತನ ಬೇಡ. ದ್ರಾವಣ ಸಿದ್ಧವಾದ ಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಎಂದು ಅರ್ಥ. ಆ ದ್ರಾವಣ ಅಡಿಕೆಯ ಎಳೆಕಾಯಿಯನ್ನೂ ಸುಡುತ್ತದೆ, ಹಳ್ಳದ ಮೀನಿಗೂ ಕೇಡು. ಅಲಗು ಹೊಳಪಾಗಿಯೇ ಇರುವವರೆಗೆ ಸುಣ್ಣದ ತಿಳಿ ಸೇರಿಸುತ್ತಾ ಹೋಗಿ. ಚಾಕುವಿನ ಪರೀಕ್ಷೆಯನ್ನು ನೋಡದವರು ಸಭೆ ಮುಗಿದ ಕೂಡಲೇ ಹೊರಗಿನ ಚಪ್ಪರಕ್ಕೆ ಬರಬೇಕು. ಎರಡು ಬಕೆಟ್ ದ್ರಾವಣ ಮಾಡಿ ಇಟ್ಟಿದ್ದೇನೆ, ಒಂದರಲ್ಲಿ ಸುಣ್ಣ ಸರಿಯಾಗಿದೆ, ಇನ್ನೊಂದರಲ್ಲಿ ಬೇಕೆಂದೇ ಕಡಿಮೆ ಹಾಕಿದ್ದೇನೆ.